ಬಚ್ಚಲ ಬಾಗಿಲಿನ ಅಳತೆ



ಮರದಿಂದ ಬಿದ್ದೋ ಬೈಕು ಉರುಳಿಯೋ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡು ಮಲಗಿದ ಹುಡುಗನ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ನಡೀತಾನಾ?" ಡಾಕ್ಟರನ್ನು ಕೇಳುತ್ತಾರೆ, ನರ್ಸನ್ನು ಕೇಳುತ್ತಾರೆ. ವ್ಯಾಯಾಮ ಮಾಡಿಸಲು ಹೋಗುವ ನನ್ನಂಥ ಫಿಸಿಯೋಥೆರಪಿಯವರನ್ನು ಬೇಲಿಯ ದಣಪೆಯ ಹತ್ತಿರವೇ ನಿಲ್ಲಿಸಿ, ದನಿ ತಗ್ಗಿಸಿ ಕೇಳುತ್ತಾರೆ. ಜೋಯಿಸರನ್ನು ಅದಕ್ಕೂ ಮೊದಲೇ ಕೇಳಿ ಆಗಿರುತ್ತದೆ. ಹುಡುಗನನ್ನು ಮಾತ್ರ ಯಾರೂ ಏನೂ ಕೇಳಿರುವುದಿಲ್ಲ. ಮೊದಮೊದಲು ಅವನದ್ದೂ ಅದೇ ಪ್ರಶ್ನೆ, ನಿಜ. ಆದರೆ ಕೆಲವು ತಿಂಗಳು ಕಳೆದ ಮೇಲೆ, ಮನೆಯವರು ಯಾರೂ ಹತ್ತಿರ ಇಲ್ಲದಾಗ ಅವನು ನನ್ನನ್ನು ಕೇಳುವುದು ಬೇರೆ: "ಸಾರ್, ನಾನೊಬ್ನೇ ಕಕ್ಕಸಿಗೆ ಹೋಗಿ ಬರೋ ಹಾಗೆ ಆಗುತ್ತಾ?"

ಮನೆಯವರ ಪ್ರಶ್ನೆ ಇದ್ದಲ್ಲೇ ಇರುತ್ತದೆ, ಅವನದು ಮುಂದೆ ಹೋಗಿರುತ್ತದೆ. ಈ ಎರಡರ ನಡುವೆ ಮನೆ ಏನು ಮಾಡುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ ಎಂದು ನಾನು ನಂಬಿದ್ದೇನೆ.

ಸಾಗರದ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಎರಡೆಕರೆ ಅಡಿಕೆ ತೋಟ, ಅಪ್ಪ, ಅಮ್ಮ, ಅಜ್ಜಿ, ಡಿಗ್ರಿ ಓದುತ್ತಿದ್ದ ತಂಗಿ. ಹುಡುಗನಿಗೆ 22 ವರ್ಷ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಎರಡನೇ ಸಲ ಮದ್ದು ಹೊಡೆಯುವ ಹೊತ್ತು. ಮಲೆನಾಡಿನವರಿಗೆ ಗೊತ್ತು, ಆಷಾಢದ ಅಡಿಕೆ ಮರ ಪಾಚಿಗಟ್ಟಿ ಕೈಗೆ ನಿಲ್ಲುವುದಿಲ್ಲ. ಹೊಳವು ಕಂಡಿತೆಂದು ಅವಸರದಲ್ಲಿ ಹತ್ತಿದ್ದಾನೆ. ಮೇಲಿಂದ ಜಾರಿ ಕಾದಿಗೆಯ, ಅಂದರೆ ತೋಟದ ನೀರುಗಾಲುವೆಯ, ಅಂಚಿಗೆ ಕುಂಡೆ ಊರಿ ಬಿದ್ದಿದ್ದಾನೆ. ಹಾಗೆ ಬಿದ್ದವರಿಗೆ ಸಾಮಾನ್ಯವಾಗಿ ಪೆಟ್ಟಾಗುವುದು ಎದೆಯ ಭಾಗದ ಬೆನ್ನುಮೂಳೆ ಮುಗಿದು ಸೊಂಟದ ಭಾಗ ಶುರುವಾಗುವ ಜಾಗದಲ್ಲಿ. ಇವನಿಗೂ ಅಲ್ಲೇ, ಎದೆಯ ಭಾಗದ ಹನ್ನೆರಡನೇ ಬೆನ್ನುಮಣಿ ಪುಡಿಯಾಗಿತ್ತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಈಗ ಕೇಳುತ್ತಿರುವವರಲ್ಲಿ ಯಾರಿಗಾದರೂ ನಾಳೆಯೇ ಬೇಕಾಗಬಹುದು. ಬಿದ್ದವನನ್ನು ಎಬ್ಬಿಸಿ ಕೂರಿಸಬೇಡಿ. ನೀರು ಕುಡಿಸಬೇಡಿ. ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಜೋಲಿಯ ಹಾಗೆ ಎತ್ತಿ ಆಟೋದೊಳಗೆ ಮಡಚಿ ಕೂರಿಸುವುದಂತೂ ಬೇಡವೇ ಬೇಡ. ಮುರಿದ ಮೂಳೆಯ ಚೂರು ಹುರಿಗೆ ಇನ್ನಷ್ಟು ಒತ್ತಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ತಲೆ, ಕುತ್ತಿಗೆ, ಬೆನ್ನು ಅಲುಗದ ಹಾಗೆ ಹಿಡಿದುಕೊಂಡಿರಿ. ವಾಹನ ಬಾರದ ಜಾಗವಾದರೆ ನಾಲ್ಕೈದು ಜನ ಸೇರಿ, ಮೈಯನ್ನು ಒಂದೇ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ, ಅಡಿಗೆ ಗಟ್ಟಿ ಹಲಗೆ ತೂರಿಸಿ ಹೊರಬೇಕು. ಈ ಹುಡುಗನ ಪುಣ್ಯ, ಪಕ್ಕದ ತೋಟದವರು ಕೊಟ್ಟಿಗೆಯ ಬಾಗಿಲನ್ನೇ ಕಳಚಿ ತಂದರು. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂಬ ಭಯವೂ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ನೆರವಿಗೆ ಬಂದವರಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ.

ಬೆನ್ನುಹುರಿ ಅಂದರೆ ಬೆನ್ನುಮೂಳೆ ಅಲ್ಲ, ಮೂಳೆಯ ಮಣಿಗಳೊಳಗೆ ಇಳಿದಿರುವ ನರಗಳ ಹುರಿ. ಕಿರುಬೆರಳಿನ ದಪ್ಪ, ಗಂಡಸರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಅದರಿಂದ 31 ಜೋಡಿ ನರಗಳು ಕವಲೊಡೆದು ಮೈಗೆಲ್ಲ ಹೋಗುತ್ತವೆ. ಪೆಟ್ಟು ಕುತ್ತಿಗೆಯಲ್ಲಾದರೆ ಕೈಕಾಲು ಎರಡೂ ಹೋಗುತ್ತವೆ, ಎದೆ ಸೊಂಟದಲ್ಲಾದರೆ ಕಾಲು. ಬರೀ ಕಾಲಲ್ಲ. ಮೂತ್ರ, ಮಲ, ಚರ್ಮದ ಸ್ಪರ್ಶ, ಲೈಂಗಿಕತೆ ಎಲ್ಲದರ ತಂತಿಯೂ ಅದೇ ದಾರಿಯಲ್ಲಿ ಇಳಿಯುತ್ತದೆ. ನೋಡಲು ಬಂದ ನೆಂಟರ ಕಣ್ಣಿಗೆ ಬೀಳುವುದು ಅಲುಗದ ಕಾಲು. ಉಳಿದದ್ದೆಲ್ಲ ಹೊದಿಕೆಯಡಿ ಇರುತ್ತದೆ, ಮಾತಿಗೆ ಬರುವುದಿಲ್ಲ.

ಆಪರೇಶನ್ ಆಯಿತು. ರಾಡು, ಸ್ಕ್ರೂ ಹಾಕಿದರು. "ಆಪರೇಶನ್ ಸಕ್ಸಸ್" ಎಂದು ಡಾಕ್ಟರು ಹೇಳಿದ್ದನ್ನು ಅಪ್ಪ ಊರಿಗೆಲ್ಲ ಫೋನ್ ಮಾಡಿ ಹೇಳಿದರು. ಸಕ್ಸಸ್ ಆದದ್ದು ಮೂಳೆಯದ್ದು. ಅಂಥ ಆಪರೇಶನ್ ಮೂಳೆಯನ್ನು ನಿಲ್ಲಿಸುತ್ತದೆ, ಹುರಿಯ ಮೇಲಿನ ಒತ್ತಡ ತೆಗೆಯುತ್ತದೆ. ಹರಿದ ಹುರಿಯನ್ನು ಬೆಸೆಯುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ. ಪೆಟ್ಟು ಬಿದ್ದ ಹುರಿ ಮೊದಲ ಕೆಲವು ವಾರ ಪೂರ್ತಿ ಮಂಕಾಗಿರುವುದರಿಂದ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂದು ಆಗಲೇ ಹೇಳಲಿಕ್ಕೂ ಬರುವುದಿಲ್ಲ. ಪೂರ್ತಿ ಕಡಿದುಹೋಗದೆ ಒಂದಿಷ್ಟು ಎಳೆ ಉಳಿದಿದ್ದರೆ ಶಕ್ತಿ ಮರಳಬಹುದು, ಹೆಚ್ಚಾಗಿ ಮೊದಲ ಆರರಿಂದ ಒಂಬತ್ತು ತಿಂಗಳಲ್ಲಿ. ಆಮೇಲೂ ಒಂದೂವರೆ ಎರಡು ವರ್ಷದವರೆಗೆ ಸ್ವಲ್ಪ ಸ್ವಲ್ಪ. ಈ ಕಾಲದಲ್ಲಿ ಮನೆಯವರಿಗೆ ಸ್ಪಷ್ಟವಾಗಿ ಹೇಳುವವರು ಕಡಿಮೆ. ಡಾಕ್ಟರಿಗೆ ಪುರುಸೊತ್ತಿಲ್ಲ, ಮನೆಯವರಿಗೆ ಕೇಳುವ ಧೈರ್ಯ ಇಲ್ಲ. "ನೋಡುವಾ" ಎಂಬ ಒಂದು ಪದದ ಮೇಲೆ ಎಷ್ಟೋ ಮನೆಗಳು ವರ್ಷಗಟ್ಟಲೆ ಕಾದಿವೆ.

ಮನೆಗೆ ಬಂದ ಮೇಲೆ ಈ ಮನೆಯಲ್ಲಿ ಮೊದಲು ಕೆಲಸಕ್ಕೆ ಇಳಿದದ್ದು ತಂಗಿ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಹಾಕಿ ಚಾರ್ಟು ಬರೆದು ಹಾಸಿಗೆಯ ತಲೆದೆಸೆಗೆ ಅಂಟಿಸಿದಳು. ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು. ಎರಡು ಗಂಟೆಗೊಮ್ಮೆ. ರಾತ್ರಿ ಹತ್ತಕ್ಕೆ ಅಪ್ಪ, ಹನ್ನೆರಡಕ್ಕೆ ಅಮ್ಮ, ಎರಡಕ್ಕೆ ತಾನು, ನಾಲ್ಕಕ್ಕೆ ಮತ್ತೆ ಅಪ್ಪ. ಮಗ್ಗುಲು ಬದಲಿಸಿದವರು ಸಹಿ ಹಾಕಬೇಕು. ಅಪ್ಪ ಗೊಣಗಿದರು, ಮನೆಯಲ್ಲೂ ಹಾಜರಿ ಪುಸ್ತಕವಾ ಅಂತ. ಆದರೂ ಸಹಿ ಹಾಕಿದರು.

ಈ ಎರಡು ಗಂಟೆಯ ಲೆಕ್ಕಕ್ಕೆ ಒಂದು ಚರಿತ್ರೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗುಂಡು ತಗುಲಿದ ಸೈನಿಕರಲ್ಲಿ ಬಹುಪಾಲು ಜನ ಬದುಕಲಿಲ್ಲ. ಅವರನ್ನು ಕೊಂದದ್ದು ಗುಂಡಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ನಾಜಿ ಜರ್ಮನಿಯಿಂದ 1939ರಲ್ಲಿ ಇಂಗ್ಲೆಂಡಿಗೆ ಪಾರಾಗಿ ಬಂದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್, 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ತೆರೆದರು. ಅವರು ಹೊಸ ಔಷಧ ಕಂಡುಹಿಡಿದವರಲ್ಲ. ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು ಹಟ ಹಿಡಿದರು, ತಾವೇ ರಾತ್ರಿ ಬಂದು ನೋಡಿದರು. ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿದರು, ಕೆಲಸ ಕಲಿಸಿದರು, ಆಟಕ್ಕೆ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ ವೀಲ್‌ಚೇರಿನಲ್ಲಿ ಕೂತ 16 ಜನರಿಂದ ಬಿಲ್ಲುಗಾರಿಕೆ ಸ್ಪರ್ಧೆ ಮಾಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. ಆಟದ ವಿಷಯ ಎಲ್ಲರೂ ಹೇಳುತ್ತಾರೆ. ಮಗ್ಗುಲು ಬದಲಿಸಿದ್ದು ಅದಕ್ಕಿಂತ ದೊಡ್ಡ ಕೆಲಸ ಎಂದೇ ನನಗೆ ಅನಿಸುತ್ತದೆ.

ಚರ್ಮಕ್ಕೆ ಸ್ಪರ್ಶ ಇಲ್ಲ ಎಂದರೆ ಏನೆಂದು ಮನೆಯವರಿಗೆ ಅರ್ಥವಾಗಲು ಸಮಯ ಬೇಕು. ನಾವು ಕೂತಲ್ಲಿ ಕೂತಲ್ಲೇ ಗೊತ್ತಿಲ್ಲದೆ ಅತ್ತಿತ್ತ ಸರಿಯುತ್ತೇವೆ. ಪೆಟ್ಟಾದವನ ಮೈ ಅವನಿಗೆ ಸರಿದುಕೋ ಎಂದು ಹೇಳುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹೋಗದೆ ಮಾಂಸ ಒಳಗಿಂದಲೇ ಸಾಯುತ್ತದೆ. ಹೊರಗೆ ಕಾಣುವುದು ಒಂದು ರೂಪಾಯಿ ಅಗಲದ ಕೆಂಪು ಕಲೆ. ಅದನ್ನು ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಅಪಾಯ ಶುರುವಾಗಿದೆ ಎಂದೇ ಲೆಕ್ಕ. ಆ ಕಲೆ ಹೋಗುವ ತನಕ ಆ ಜಾಗದ ಮೇಲೆ ಭಾರ ಬೀಳಕೂಡದು. ಹಿಮ್ಮಡಿ, ಬೆನ್ನ ಬುಡದ ಮೂಳೆ, ಕುಂಡೆಯ ಎರಡು ಗುಬುಟು, ಇವನ್ನು ದಿನಾ ನೋಡಲೇಬೇಕು. ಟ್ಯೂಬಿನಂಥ ಗಾಳಿ ತುಂಬಿದ ಬಳೆಯನ್ನು ಅಡಿಗೆ ಇಡುವವರು ಬಹಳ ಜನ. ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ, ಬೇಡ. ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ ಮೀನಖಂಡದ ಅಡಿಗೆ ದಿಂಬು ಇಟ್ಟರೆ ಸಾಕು. ಇನ್ನು ಚಳಿಗಾಲದಲ್ಲಿ "ಕಾಲು ತಣ್ಣಗಿದೆ" ಎಂದು ತಾಯಂದಿರು ಬಿಸಿನೀರಿನ ಬ್ಯಾಗು ಇಡುತ್ತಾರೆ. ಹುಡುಗನಿಗೆ ಉರಿ ಗೊತ್ತಾಗುವುದಿಲ್ಲ, ಬೆಳಿಗ್ಗೆ ನೋಡಿದರೆ ಪಾದದ ಚರ್ಮವೇ ಗುಳ್ಳೆ ಎದ್ದಿರುತ್ತದೆ. ಪ್ರೀತಿಯಿಂದ ಆದ ಸುಟ್ಟ ಗಾಯಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಕಾಲು ತಣ್ಣಗಿದ್ದರೆ ಕಾಲುಚೀಲ ಹಾಕಿ.

ಕೂರಲು ಶುರು ಮಾಡಿದ ಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ, ಒಂದೆರಡು ನಿಮಿಷ ಕುಂಡೆಯ ಭಾರ ಇಳಿಸಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಲು ಹೇಳಿದೆ. ಎರಡು ದಿನ ಇಟ್ಟ, ಮೂರನೇ ದಿನ ಸಿಟ್ಟಿಗೆ ಆರಿಸಿ ಬಿಸಾಡಿದ. ಅಜ್ಜಿಯ ರೇಡಿಯೊ ಕೆಲಸಕ್ಕೆ ಬಂತು. ಚಿತ್ರಗೀತೆ ಬರುವಾಗ ಮೂರು ಹಾಡಿಗೊಮ್ಮೆ ಬಾಗುವುದು ಎಂದು ತೀರ್ಮಾನವಾಯಿತು. ಹಾಡು ಮುಗಿದಂತೆ ಅಜ್ಜಿ ಒಳಗಿಂದಲೇ "ಮೂರಾಯ್ತು" ಎಂದು ಕೂಗುತ್ತಿದ್ದರು. ಭಾಷಣ ಬಂದಾಗ ಏನು ಮಾಡ್ತೀರಿ ಎಂದೆ. "ಭಾಷಣಕ್ಕೆ ಅವ್ನೇ ಅತ್ತಿಂದಿತ್ತ ಹೊರಳಾಡ್ತಾನೆ" ಎಂದರು. ಆಕಾಶವಾಣಿಯವರು ಕ್ಷಮಿಸಬೇಕು.

ನೀರಿನ ವಿಷಯ. ಹಾಸಿಗೆ ಒದ್ದೆಯಾಗುತ್ತದೆ, ಪದೇ ಪದೇ ಮೂತ್ರ ತೆಗೆಯಬೇಕು ಎಂದು ಹುಡುಗರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮನೆಯವರೂ ಕೊಡುವುದು ಕಡಿಮೆ ಮಾಡುತ್ತಾರೆ. ಆಗ ಸೋಂಕು, ಕಲ್ಲು, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಸದಾ ಒಳಗಿರುವ ಪೈಪಿನ ಬದಲು ನಾಲ್ಕರಿಂದ ಆರು ಗಂಟೆಗೊಮ್ಮೆ ಸಣ್ಣ ಕ್ಯಾಥೆಟರ್ ಹಾಕಿ ಮೂತ್ರಕೋಶ ಖಾಲಿ ಮಾಡಿ ತೆಗೆಯುವ ಕ್ರಮ ಇದೆ. ಅದಕ್ಕೆ ಆಪರೇಶನ್ ಥಿಯೇಟರಿನ ಮಡಿ ಬೇಕಿಲ್ಲ, ಸೋಪಿನಲ್ಲಿ ಕೈ ತೊಳೆದ ಶುದ್ಧಿ ಸಾಕು ಎಂದು ಅಮೆರಿಕದ ಮೂತ್ರವೈದ್ಯ ಜ್ಯಾಕ್ ಲ್ಯಾಪಿಡೆಸ್ 1972ರಲ್ಲೇ ತೋರಿಸಿದರು. ಕೈ ಚೆನ್ನಾಗಿರುವ ಯಾರು ಬೇಕಾದರೂ ಇದನ್ನು ತಾವೇ ಮಾಡಿಕೊಳ್ಳಬಹುದು. ಮಲಕ್ಕೂ ಹಾಗೇ, ದಿನಾ ಒಂದೇ ಹೊತ್ತು. ಬೆಳಿಗ್ಗೆ ತಿಂಡಿ ಕಾಫಿ ಆಗಿ ಅರ್ಧ ಗಂಟೆಗೆ ಕೂತರೆ ಕರುಳು ತಾನೇ ಪಾಠ ಕಲಿಯುತ್ತದೆ. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರ ಮನೆಯವರು ಇನ್ನೊಂದು ತಿಳಿದಿರಬೇಕು: ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು ಬಂದರೆ ತಲೆನೋವಿನ ಮಾತ್ರೆ ಹುಡುಕಬೇಡಿ. ತಕ್ಷಣ ಎಬ್ಬಿಸಿ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ಪೈಪು ಮಡಚಿದೆಯೇ ಕಟ್ಟಿದೆಯೇ ನೋಡಿ, ಆಸ್ಪತ್ರೆಗೆ ಹೊರಡಿ. ರಕ್ತದೊತ್ತಡ ಪ್ರಾಣಕ್ಕೆ ಕುತ್ತು ಬರುವಷ್ಟು ಏರಿರುತ್ತದೆ.

ಈಗ ಬಾಗಿಲಿಗೆ ಬರುತ್ತೇನೆ. ಹಳೆಯ ಮಲೆನಾಡಿನ ಮನೆ. ಬಚ್ಚಲು, ಕಕ್ಕಸು ಹಿತ್ತಿಲ ಕಡೆ. ನಡುವೆ ಒಂದು ಗೇಣು ಎತ್ತರದ ಹೊಸ್ತಿಲು. ನಾನು ಟೇಪು ಹಿಡಿದು ಅಳೆದೆ. ಬಚ್ಚಲ ಬಾಗಿಲು 23 ಇಂಚು, ವೀಲ್‌ಚೇರು 26. ಮೂರು ಇಂಚಿನ ವ್ಯತ್ಯಾಸಕ್ಕೆ ಆ ಹುಡುಗನನ್ನು ದಿನಾ ಇಬ್ಬರು ಹೊತ್ತುಕೊಂಡು ಹೋಗಿ ಸ್ನಾನ ಮಾಡಿಸುತ್ತಿದ್ದರು. ಇಪ್ಪತ್ತೆರಡು ವರ್ಷದ ಗಂಡು, ಬರಿಮೈಯಲ್ಲಿ, ಅಪ್ಪ ಮತ್ತು ಅಕ್ಕಪಕ್ಕದವರ ಕೈಮೇಲೆ. ಗೋಡೆ ಒಡೆದು ಬಾಗಿಲು ಅಗಲ ಮಾಡಿ, ಕಮೋಡು ಕೂರಿಸಿ, ಹಿಡಿದುಕೊಳ್ಳಲು ಕಂಬಿ ಹಾಕಿಸಿ ಎಂದೆ. ಖರ್ಚು ದೊಡ್ಡದಲ್ಲ, ಮೇಸ್ತ್ರಿ ಊರಲ್ಲೇ ಇದ್ದ. ಅಪ್ಪ "ಆಯ್ತು, ಮಾಡಿಸುವಾ" ಎಂದರು. ಮಾಡಿಸಲಿಲ್ಲ. ಕೊನೆಕೊಯ್ಲು ಮುಗೀಲಿ ಎಂದರು. ಮುಗಿಯಿತು. ಮರಳು ಸಿಕ್ಕುತ್ತಿಲ್ಲ ಎಂದರು. ಕೊನೆಗೊಂದು ದಿನ ತೋಟದ ದಾರಿಯಲ್ಲಿ ನಿಂತು ಹೇಳಿದರು: "ಈಗ ಬಾಗ್ಲು ಒಡೆಸಿ, ನಾಳೆ ಅವ್ನು ನಡೆದ್ರೆ?"

ನಡೆದರೆ ಅಗಲ ಬಾಗಿಲಿನಲ್ಲೇ ನಡೆದು ಹೋಗುತ್ತಾನೆ ಎಂದು ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ಅವರ ಮಾತಿನ ಅರ್ಥ ಅದಾಗಿರಲಿಲ್ಲ. ಬಾಗಿಲು ಒಡೆಸುವುದೆಂದರೆ ಅವರ ಮಟ್ಟಿಗೆ ಮಗ ನಡೆಯುವುದಿಲ್ಲ ಎಂದು ಸಹಿ ಹಾಕಿದ ಹಾಗೆ. ಮಂಜುನಾಥನಿಗೆ, ಸಿಗಂದೂರಮ್ಮನಿಗೆ ಹರಕೆ ಹೊತ್ತ ಮೇಲೆ ಹಾಗೆ ಸಹಿ ಹಾಕಿದರೆ ದೇವರಿಗೇ ಅಪನಂಬಿಕೆ ತೋರಿಸಿದಂತೆ. ಇಂಥ ಅಪ್ಪಂದಿರನ್ನು ಮೊಂಡರು ಎಂದು ಬೈಯುವುದು ಸುಲಭ. ನನಗೆ ಬೈಯಬೇಕು ಅನಿಸಲಿಲ್ಲ.

ಈ ಗಂಟು ಬಿಡಿಸಿದ್ದು ಅಜ್ಜಿ. ಒಂದು ಬೆಳಿಗ್ಗೆ ಮಗನನ್ನು ಕರೆದು, "ನಂಗೆ ಮಂಡಿ ಹಿಡೀತದೆ, ಕುಕ್ಕುರುಗಾಲಲ್ಲಿ ಕೂರಕ್ಕಾಗಲ್ಲ. ನಾನು ಸಾಯೋದ್ರೊಳಗೆ ಒಂದು ಕಮೋಡು ಹಾಕಿಸ್ತೀಯೋ ಇಲ್ವೋ?" ಎಂದು ಜೋರು ಮಾಡಿದರು. ಕಮೋಡು ಬಂತು. ಕಮೋಡು ಬಂದ ಮೇಲೆ ಮುದುಕಿ ಹೊಸ್ತಿಲು ಎಡವುತ್ತೇನೆ ಎಂದರು, ಹೊಸ್ತಿಲು ಹೋಯಿತು. ಬಾಗಿಲು 34 ಇಂಚಾಯಿತು. ಮೊಮ್ಮಗನ ಹೆಸರು ಒಂದು ಸಲವೂ ಬರಲಿಲ್ಲ. ಅಜ್ಜಿಗೆ ನಿಜವಾಗಿ ಮಂಡಿನೋವು ಇತ್ತೋ ಇಲ್ಲವೋ, ನಾನು ಪರೀಕ್ಷೆ ಮಾಡಲು ಹೋಗಲಿಲ್ಲ.

ಬಾಗಿಲಾದ ಮೇಲೆ ಹಲಗೆ. ಮಂಚದಿಂದ ವೀಲ್‌ಚೇರಿಗೆ, ವೀಲ್‌ಚೇರಿಂದ ಕಮೋಡಿಗೆ ಜಾರಿಕೊಂಡು ಹೋಗಲು ಎರಡೂವರೆ ಅಡಿ ಉದ್ದದ ನಯವಾದ ಹಲಗೆ ಬೇಕು. ಅಪ್ಪನೇ ಹಲಸಿನ ಹಲಗೆ ಕೊಯ್ಸಿ, ಅಂಚು ತೇದು, ಅರಗು ಹಚ್ಚಿ ತಂದರು. ಮಂಚ, ಕುರ್ಚಿ, ಕಮೋಡು ಮೂರರ ಎತ್ತರ ಹೆಚ್ಚುಕಡಿಮೆ ಒಂದೇ ಆಗಿರಬೇಕೆಂದು ಮಂಚದ ಕಾಲನ್ನೂ ಕೊಯ್ಸಿದರು. ಅಂಗಳದಲ್ಲಿ ಅಡಿಕೆ ದಬ್ಬೆಯಿಂದ ಎರಡು ಸಾಲು ಕಂಬಿ ಮಾಡಿದರು. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿ ನಿಲ್ಲಲು. ಬಾಗಿಲಿಗೆ ಒಪ್ಪದಿದ್ದ ಮನುಷ್ಯ ಉಳಿದದ್ದಕ್ಕೆಲ್ಲ ಮುಂದೆ ನಿಂತರು. ಕೈಕೆಲಸ ಗೊತ್ತಿರುವ ಅಪ್ಪಂದಿರಿಗೆ "ಧೈರ್ಯ ಹೇಳಿ" ಎಂದರೆ ಬಾಯಿ ಕಟ್ಟುತ್ತದೆ. ಒಂದು ಅಳತೆ ಕೊಟ್ಟು ನೋಡಿ.

ಹುಡುಗ ಮಾತ್ರ ಯಾರ ಮಾತೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ತಟ್ಟೆ ಎಸೆಯುತ್ತಿದ್ದ. ನೆಂಟರು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ನೆಂಟರದ್ದೂ ತಪ್ಪಿತ್ತು ಅನ್ನಿ: ಕಿತ್ತಳೆ ಹಣ್ಣಿನ ಚೀಲ ಕಾಲಿನ ಮೇಲೆ ಇಟ್ಟು, ಅವನೆದುರೇ "ಏನು ಕರ್ಮವೋ" ಎಂದು ಅಮ್ಮನ ಹತ್ತಿರ ಅಳುತ್ತಿದ್ದರು. ನಾನು ಕಾಲು ಬಗ್ಗಿಸಿ ನೀಡಿಸಿ ಬರುತ್ತಿದ್ದೆ, ಅವನು ಮೊಬೈಲು ನೋಡುತ್ತಿದ್ದ. ಇಂಥಲ್ಲಿ ನಡೆಯುವವರ ಉಪದೇಶ ನಾಟುವುದಿಲ್ಲ, ತಾವೇ ಅನುಭವಿಸಿದವರು ಬೇಕು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ ಬೆನ್ನುಹುರಿ ಅಪಘಾತದವರಿಗಾಗಿಯೇ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ಇದೆ, ಅದನ್ನು ಕಟ್ಟಿದವರೇ ಇದೇ ಅಪಘಾತಕ್ಕೆ ಸಿಕ್ಕವರು. ಬೆಂಗಳೂರಿನ ಲಿಂಗರಾಜಪುರದಲ್ಲಿ ಅಂಗವಿಕಲರಿಗಾಗಿ ಎ.ಪಿ.ಡಿ. ಸಂಸ್ಥೆ ಇದೆ, ಬಾಲ್ಯದಲ್ಲೇ ಪೋಲಿಯೊ ಆಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ್ದು. ನಮ್ಮ ಕಡೆಯವರು ಕೈಲಾಗದ್ದಕ್ಕೆಲ್ಲ ಹೋಗುವ ವೆಲ್ಲೂರಿನಲ್ಲಿ ಪುನಶ್ಚೇತನ ಕೇಂದ್ರ 1966ರಿಂದ ಇದೆ. ಅದರ ಹಿಂದಿರುವ ಡಾಕ್ಟರ್ ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು, ಆಮೇಲೆ ವೀಲ್‌ಚೇರಿನಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದವರು.

ಈ ಹುಡುಗನ ಹತ್ತಿರ ನಾನು ಕರೆದುಕೊಂಡು ಹೋದದ್ದು ಹೊಸನಗರದ ಕಡೆಯ ಒಬ್ಬರನ್ನು. ಲಾರಿಯಿಂದ ಬಿದ್ದು ಹತ್ತು ವರ್ಷವಾಗಿತ್ತು ಅವರಿಗೆ. ಬಂದವರೇ ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. "ನಿಮ್ ಬಚ್ಚಲು ಎಲ್ಲಿ?" ಎಂದರು. ತಾವೇ ಗಾಲಿ ತಳ್ಳಿಕೊಂಡು ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಕಂಬಿ ಇನ್ನೊಂದು ಗೇಣು ಕೆಳಗಿರ್ಬೇಕಿತ್ತು" ಎಂದರು. ಹುಡುಗ ಮೊಬೈಲು ಕೆಳಗಿಟ್ಟ. ಆಮೇಲೆ ಅವರಿಬ್ಬರೂ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಮದುವೆ, ಹೆಣ್ಣು, ಮಕ್ಕಳಾಗುತ್ತವೋ ಇಲ್ಲವೋ, ಇಪ್ಪತ್ತೆರಡರ ಹುಡುಗ ಅಮ್ಮನ ಹತ್ತಿರ ಕೇಳಲಾರದ್ದು ಇದೆಲ್ಲ ಇರಲೇಬೇಕಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೂ ದಾಂಪತ್ಯ ಇದೆ, ವೈದ್ಯರ ನೆರವಿನಿಂದ ಮಕ್ಕಳೂ ಆಗಬಹುದು. ಯಾರಾದರೂ ಒಬ್ಬರು ಅದನ್ನು ಅವರಿಗೆ ಬಾಯಿ ಬಿಟ್ಟು ಹೇಳಬೇಕು.

ಹುಡುಗಿಯಾದರೆ ಲೆಕ್ಕ ಬೇರೆ. ಹಂಚು ಸರಿಮಾಡಲು ಹತ್ತಿ ಬಿದ್ದ ಒಬ್ಬಳನ್ನು ನೋಡಲು ಹೋಗುತ್ತಿದ್ದೆ. ಇದೇ ಪೆಟ್ಟು, ಹೆಚ್ಚುಕಡಿಮೆ ಇದೇ ವಯಸ್ಸು. ಪುನಶ್ಚೇತನ ಕೇಂದ್ರಕ್ಕೆ ಕಳಿಸಿ ಎಂದರೆ "ಹೆಣ್ಣುಮಗು, ಅಲ್ಲೆಲ್ಲ ಹೇಗೆ ಬಿಡೋದು" ಎಂದರು. ವೀಲ್‌ಚೇರು ಬೇಡ, ಮನೆಯೊಳಗೇ ಇರ್ತಾಳಲ್ಲ ಎಂದರು. ಕೆಟ್ಟ ಜನ ಅಲ್ಲ, ಚೆನ್ನಾಗಿಯೇ ನೋಡಿಕೊಂಡರು. ಆದರೆ ಅವಳು ಇನ್ನೂ ಮಂಚದ ಮೇಲೆ ಇದ್ದಾಳೆ.

ದುಡ್ಡಿನ ಮಾತು ಬಿಡಲಾಗದು. ಸ್ಟೆಮ್ ಸೆಲ್ ಚುಚ್ಚಿ ನಡೆಸುತ್ತೇವೆ ಎನ್ನುವ ಜಾಹೀರಾತು ಈ ಮನೆಗೂ ಬಂದಿತ್ತು, ವಾಟ್ಸಾಪಿನಲ್ಲಿ, ನಡೆಯುತ್ತಿರುವ ಒಬ್ಬನ ವೀಡಿಯೊ ಸಮೇತ. ತೋಟದ ಮೇಲೆ ಸಾಲ ಎತ್ತುವ ಮಾತೂ ಆಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಅಂಗೀಕೃತ ಚಿಕಿತ್ಸೆ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗ ಮಾತ್ರ. ಪ್ರಯೋಗಕ್ಕೆ ಸೇರಿಸಿಕೊಂಡವರು ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸರ್ಕಾರದಿಂದ ಸಿಗುವ ನೆರವಿಗಾದರೆ, ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಅಂಗವಿಕಲರೇ. ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡು, ಮಾಸಾಶನ, ಸಾಧನ ಸಲಕರಣೆಯ ಅರ್ಜಿ ಅವರಿಂದಲೇ ಶುರು ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ ಉದ್ಯೋಗದಲ್ಲಿ ಶೇಕಡಾ 4, ಉನ್ನತ ಶಿಕ್ಷಣದಲ್ಲಿ ಶೇಕಡಾ 5 ಮೀಸಲಾತಿ ಇದೆ.

ಇಷ್ಟೆಲ್ಲ ಮಾಡುವವರು ಯಾರು ಎಂದರೆ, ಚಾರ್ಟಿನಲ್ಲಿ ಮೂರು ಹೆಸರು ಇದ್ದರೂ, ಅಮ್ಮ. ಆರು ತಿಂಗಳಿಗೆ ಅವರ ಸೊಂಟ ಹಿಡಿಯಿತು. ಮಗನಿಗೆ ವ್ಯಾಯಾಮ ಮಾಡಿಸಲು ಹೋದವನು ತಾಯಿಗೂ ಮಾಡಿಸಿ ಬರುತ್ತಿದ್ದೆ. ಈ ದುಡಿಮೆಗೆ ಬೆಲೆ ಕಟ್ಟಿದವರಿದ್ದಾರೆಯೇ? ಸುಪ್ರೀಂ ಕೋರ್ಟು 2020ರಲ್ಲಿ ಒಂದು ಸಲ ಕಟ್ಟಿತು. ವಾಹನ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾಗಿ ಶಾಶ್ವತವಾಗಿ ಅವಲಂಬಿತಳಾದ ಒಬ್ಬ ಬಾಲಕಿಯ ಪ್ರಕರಣ. ನೋಡಿಕೊಳ್ಳಲು ಇಬ್ಬರು ಬೇಕು, ತಲಾ ತಿಂಗಳಿಗೆ 5,000 ಎಂದು ಹಿಡಿದು, ವರ್ಷದ ಮೊತ್ತವನ್ನು 18ರಿಂದ ಗುಣಿಸಿ, ಆರೈಕೆಯ ಬಾಬ್ತಿಗೇ 21,60,000 ರೂಪಾಯಿ ಕೊಡಿಸಿತು. ತಿಂಗಳಿಗೆ 5,000 ಏನೇನೂ ಅಲ್ಲ, ಒಪ್ಪುತ್ತೇನೆ. ಆದರೆ "ತಾಯಿ ಇದ್ದಾಳಲ್ಲ, ನೋಡ್ಕೊಳ್ತಾಳೆ" ಎಂದು ಸೊನ್ನೆ ಬರೆಯುವ ರೂಢಿ ಅಲ್ಲಿ ನಡೆಯಲಿಲ್ಲ. ವಾಹನ ಅಪಘಾತದ ಕೇಸು ಹಾಕುವವರು ವಕೀಲರಿಗೆ ಈ ಬಾಬ್ತನ್ನು ಮರೆಯಬೇಡಿ ಎಂದು ಹೇಳಬೇಕು. ಮರದಿಂದ ಬಿದ್ದವರಿಗೆ ಆ ದಾರಿ ಇಲ್ಲ. ತೋಟಗಾರರು ಮದ್ದು ಹೊಡೆಯುವವರಿಗೆ ವಿಮೆ ಮಾಡಿಸಬೇಕು, ಇಲ್ಲವೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೆಲಸ ಮಾಡಿಸಬೇಕು.

ಅಮ್ಮನ ಸೊಂಟ ಹಿಡಿದದ್ದರಿಂದಲೇ ಹುಡುಗ ತನ್ನ ಕ್ಯಾಥೆಟರ್ ತಾನೇ ಹಾಕಿಕೊಳ್ಳಲು ಕಲಿತ. ಬೇರೆ ದಾರಿ ಇರಲಿಲ್ಲ. ಕಲಿತ ಮೇಲೂ ಅಮ್ಮನಿಗೆ ಸಮಾಧಾನವಿಲ್ಲ, ಬಾಗಿಲಾಚೆ ನಿಂತು "ಆಯ್ತಾ? ಸರಿ ತೊಳ್ಕೊಂಡ್ಯಾ?" ಎಂದು ಕೇಳುತ್ತಾರೆ. ಸ್ನಾನಕ್ಕೆ ಅವನು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾನೆ, ಅಮ್ಮ ಮಾಡಿಸಿದರೆ ಹತ್ತು ನಿಮಿಷ. ಆ ಮೂವತ್ತೈದು ನಿಮಿಷ ಸುಮ್ಮನೆ ಕೂರುವುದು ರಾತ್ರಿ ಎದ್ದು ಮಗ್ಗುಲು ಬದಲಿಸುವುದಕ್ಕಿಂತ ಅವರಿಗೆ ಕಷ್ಟ.

ನಡೆಯುತ್ತಾನಾ ಎಂದು ನೀವೂ ಕಾಯುತ್ತಿರಬಹುದು. ತೊಡೆಗೆ ಒಂದಿಷ್ಟು ಬಲ ಬಂದಿದೆ. ಕ್ಯಾಲಿಪರ್ ಹಾಕಿ, ದಬ್ಬೆ ಹಿಡಿದು ಅಂಗಳದ ಆ ತುದಿಗೆ ಹೋಗಿ ಬರುತ್ತಾನೆ. ಅದು ವ್ಯಾಯಾಮ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಊರಿನವರ ಪಹಣಿ, ಅರ್ಜಿ, ಬೆಳೆವಿಮೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿಕೊಡುತ್ತಾನೆ. ಅಡಿಕೆ ಮಂಡಿಯ ಧಾರಣೆ ವಿಚಾರಕ್ಕೆ ಅಪ್ಪನ ಜೊತೆ ದಿನಾ ಜಗಳ. ಈಗಿನ ಹೊಸ ರಗಳೆ ಸ್ಕೂಟರಿನದ್ದು. ಪಕ್ಕಕ್ಕೆ ಎರಡು ಗಾಲಿ ಸೇರಿಸಿ, ಬ್ರೇಕು ಕೈಗೆ ತಂದ ಸ್ಕೂಟರು ಬೇಕಂತೆ, ಲೈಸೆನ್ಸು ಮಾಡಿಸಿ ಒಬ್ಬನೇ ಸಾಗರಕ್ಕೆ ಹೋಗಿ ಬರುತ್ತಾನಂತೆ. ಅಪ್ಪ ಬೆಲೆ ವಿಚಾರಿಸಿ ಬಂದಿದ್ದಾರೆ. ಅಮ್ಮ ಒಪ್ಪಿಲ್ಲ. ಹೋದ ತಿಂಗಳು ನನ್ನನ್ನು ದಣಪೆಯ ಹತ್ತಿರ ನಿಲ್ಲಿಸಿ, ನೀವಾದರೂ ಬುದ್ಧಿ ಹೇಳಿ ಎಂದರು. ಹೆಲ್ಮೆಟ್ ಹಾಕಿಕೊಳ್ಳಲಿ, ಕುಶನ್ ಮರೆಯದಿರಲಿ, ಕ್ಯಾಥೆಟರ್ ಚೀಲದಲ್ಲಿ ಇಟ್ಟುಕೊಳ್ಳಲಿ, ಸೈಲೆನ್ಸರಿಗೆ ಕಾಲು ತಾಗದ ಹಾಗೆ ತಗಡು ಹೊಡೆಸಿ, ಹೋಗಲಿ ಎಂದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕಾಫಿ ಮಾತ್ರ ಬರುತ್ತಿದೆ.